ಚಾರ್ಜಿಗಿಟ್ಟ ದೇವರು

ಜೂನ್ 12, ಗುರುವಾರ. ಸಂಜೆ

…"ಅದು ಕಂಪ್ಲೇಂಟ್ ಅಲ್ಲ ಸಾರ್, ಅದು ಅಂಗೇ" ಅಂದನೋ, "ಎಲ್ಲಾದೂ ಅಂಗೇ" ಅಂದನೋ. ಕೆಲಮಂಗಲದ ಮೊಬೈಲ್ ಅಂಗಡಿಯ ಮುನೀಶ್. ಹೇಳುವಾಗ ನನ್ನ ಮುಖ ನೋಡಲಿಲ್ಲ. ಇನ್ಯಾರದೋ ಫೋನಿಗೆ ಗ್ಲಾಸ್ ಅಂಟಿಸುತ್ತಿದ್ದ, ಗುಳ್ಳೆ ಬರದ ಹಾಗೆ. ಚಾರ್ಜಿಗೆ ಹಾಕಿದ ಫೋನಿನ ಸ್ಕ್ರೀನ್ ತಾನಾಗಿ ಹೊತ್ತಿಕೊಳ್ಳುತ್ತದೆ, ಅದು ನಿಲ್ಲಬೇಕು — ನಾನು ಕೇಳಿದ್ದು ಇಷ್ಟೇ. ಹೊತ್ತಿಸುವುದಕ್ಕಾದರೆ ನಾಲ್ಕು ದಾರಿ ತೋರಿಸುತ್ತಿದ್ದನೇನೋ. ಆರಿಸುವುದಕ್ಕೆ ದಾರಿ ಇಲ್ಲ.

ಬೇಕಾದರೆ ಮಕಾಡೆ ಇಡಿ ಎಂದ. ಇದನ್ನು ಕೇಳಲು ಬಸ್ಸಿನಲ್ಲಿ ಹೋಗಿ ಬಂದೆ.

ಇವತ್ತೂ ಐದಕ್ಕೆ ಪರದೆ ಎಳೆದಾಯಿತು. ಆ ಕಡೆಯ ಹಗ್ಗ ವೆಂಕಟಲಕ್ಷ್ಮಿಯದು, ಈ ಕಡೆಯದು ನನ್ನದು. ತಮ್ಮ ಜಗನ್‌ನ ಹೆಂಡತಿ. ಹೂವಿನ ಕೆಲಸವೆಲ್ಲ ಅವಳದೇ. ಅವನು ಹೊಸೂರಿಗೆ ಶಿಫ್ಟಿಗೆ ಹೋಗುತ್ತಾನೆ. ಹೊರಗೆ ಬಿಸಿಲಿರುವಾಗಲೇ ಪಾಲಿಹೌಸಿನೊಳಗೆ ರಾತ್ರಿ ಮಾಡುತ್ತೇವೆ. ಸೇವಂತಿಗೆಗೆ ಹೀಗೆ ಸುಳ್ಳು ರಾತ್ರಿ ಬೇಕು. ನೆಟ್ಟ ಮೊದಲ ವಾರಗಳಲ್ಲಿ ರಾತ್ರಿಯೆಲ್ಲ ಬಲ್ಬು ಹಾಕಿ ಎಬ್ಬಿಸಿಡುತ್ತೇವೆ, ಕಾಂಡ ಉದ್ದ ಬರಲಿ ಎಂದು. ಆಮೇಲೆ ಬಲ್ಬು ಬಿಚ್ಚಿ, ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ ಕಪ್ಪು ಪರದೆ. ಕತ್ತಲೆ ಉದ್ದವಾದರೆ ಮೊಗ್ಗು. ನಡುವೆ ಬೆಳಕು ಬಿದ್ದರೆ ಗಿಡ ಮೊಗ್ಗನ್ನು ಮರೆತು ಮತ್ತೆ ಎಲೆಗೆ ಹೊರಳುತ್ತದೆ. ಪರದೆಯಲ್ಲಿ ಉಗುರಿನಷ್ಟು ತೂತು ಕಂಡರೂ ವೆಂಕಟಲಕ್ಷ್ಮಿ ಟೇಪು ಹಚ್ಚುತ್ತಾಳೆ.

ಪರದೆ ಎಳೆದ ಮೇಲೆ ಸ್ವಲ್ಪ ಹೊತ್ತು ಬಾಗಿಲ ಮೂಲೆಯಲ್ಲಿ ಕ್ರೇಟು ಬೋರಲು ಹಾಕಿಕೊಂಡು ಕೂರುವುದು ನನ್ನ ಅಭ್ಯಾಸ. ಕಾರ್ಖಾನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಮಾಲು ಪರೀಕ್ಷೆ ಮಾಡುತ್ತಲೇ ನನ್ನ ಅರ್ಧ ಆಯುಸ್ಸು ಹೋಯಿತು. ಸರಿ, ಸರಿಯಿಲ್ಲ, ಸರಿ, ಸರಿಯಿಲ್ಲ. ಈಗ ನೋಡುವುದಕ್ಕೆ ಏನೂ ಇಲ್ಲದ ಒಂದು ಜಾಗ ಸಿಕ್ಕಿದೆ. ಅಲ್ಲಿ ಕೂತು ಕಣ್ಣು ಕತ್ತಲೆಗೆ ಒಗ್ಗುವಷ್ಟರಲ್ಲಿ — ಫಕ್ಕನೆ ಅದು. ತಲೆಯ ಪಕ್ಕದ ಹಲಗೆಯ ಮೇಲೆ. ಕಿರೀಟ, ನಾಮ, ಅಭಯಹಸ್ತ. ತಿಮ್ಮರಾಯಸ್ವಾಮಿ. ಕೆಳಗೆ ಹಸಿರು ಅಕ್ಷರದಲ್ಲಿ: ಚಾರ್ಜಿಂಗ್.

ಜೂನ್ 14, ಶನಿವಾರ

ಮಕಾಡೆ ಇಟ್ಟೆ. ಒಂದು ದಿನ ಬಾಳಿತು.

ಆ ಫೋನು ಯಾರದೂ ಅಲ್ಲ, ಬೋರ್‌ವೆಲ್ ಮೋಟಾರಿನದು. ತ್ರೀಫೇಸ್ ಕರೆಂಟು ಬಂದರೆ ಸ್ಟಾರ್ಟರಿನೊಳಗಿನ ಸಿಮ್ ಇದಕ್ಕೆ ರಿಂಗ್ ಕೊಡುತ್ತದೆ. ಮನೆಯೊಳಗೆ ಟವರ್ ಸಿಗುವುದಿಲ್ಲ, ಪಾಲಿಹೌಸಿನ ಬಾಗಿಲಲ್ಲಿ ಸಿಗುತ್ತದೆ. ಬ್ಯಾಟರಿ ಸೋತಿದೆ, ಚಾರ್ಜರ್ ಕಿತ್ತರೆ ಅರ್ಧ ಗಂಟೆಗೆ ಫೋನೂ ಸಾಯುತ್ತದೆ. ಹಾಗಾಗಿ ಸದಾ ಪ್ಲಗ್ಗಿನಲ್ಲೇ. ನಮ್ಮ ಕಡೆಯ ಕರೆಂಟು ಸಂಜೆಯಾದರೆ ಕುಂಟುತ್ತದೆ — ಬಿದ್ದು ಎದ್ದು, ಬಿದ್ದು ಎದ್ದು. ಪ್ರತಿಸಲ ಎದ್ದಾಗಲೂ ಫೋನಿಗೆ ಹೊಸದಾಗಿ ಚಾರ್ಜಿಗೆ ಹಾಕಿದ ಸಂಭ್ರಮ. ಹೊತ್ತಿಕೊಳ್ಳುತ್ತದೆ.

ಸ್ವಾಮಿ ಅದರೊಳಗೆ ಬಂದದ್ದು ಅಮ್ಮನಿಂದ. ಬೆಳೆ ಇರುವ ಜಾಗದಲ್ಲಿ ಸಂಜೆ ದೀಪವಿಡುವುದು ಅವಳ ಪದ್ಧತಿ. ಪಾಲಿಹೌಸ್ ಎಂದರೆ ಪ್ಲಾಸ್ಟಿಕ್ಕು, ಬಟ್ಟೆ. ಬೆಂಕಿ ಹಚ್ಚುವ ಹಾಗಿಲ್ಲ. ಜಗನ್ ಉಪಾಯ ಮಾಡಿದ. ಫೋನಿನ ಮುಖಕ್ಕೆ ಸ್ವಾಮಿಯ ಚಿತ್ರ ಹಾಕಿ, ಇದೇ ನಿನ್ನ ದೀಪ ಎಂದ. ಅವಳು ಒಪ್ಪಿದಳು. ಕರೆಂಟು ಎದ್ದಾಗಲೆಲ್ಲ ದೀಪ ತಾನಾಗಿ ಹತ್ತುವುದು ಅವಳಿಗೆ ಬಲು ಇಷ್ಟವಾಯಿತು. ಕೈ ಮುಗಿಯುತ್ತಾಳೆ.

ಇವತ್ತು ಬಂದವಳು ಫೋನು ನೋಡಿ ನಿಂತೇಬಿಟ್ಟಳು.

"ಸ್ವಾಮೀನ ಮಕಾಡೆ ಮಲಗ್ಸಿದ್ದೀಯಲ್ಲ, ಮನ್ಸು ಹೆಂಗ್ ಬಂತ್ಲಾ ನಿಂಗೆ?"

ಅದು ಫೋನಮ್ಮ ಎಂದೆ.

"ಫೋನು ನಿಂಗೆ" ಎಂದಳು.

ಸೆರಗಿನಿಂದ ಒರೆಸಿ ನೆಟ್ಟಗೆ ನಿಲ್ಲಿಸಿದಳು. ಹಿಂದೆ ಒಂದು ಕಲ್ಲು ಆನಿಸಿ.

ಜೂನ್ 19, ಗುರುವಾರ

ಸೆಟ್ಟಿಂಗ್ಸ್. ಡಿಸ್ಪ್ಲೇ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೊತ್ತಿಕೊಂಡರೆ ಹತ್ತು ನಿಮಿಷ ಆರಬಾರದು ಎಂದು ಜಗನ್ ಇಟ್ಟಿದ್ದ. ಕಡಿಮೆ ಮಾಡಿದೆ. ಬೆಳಕು ತಗ್ಗಿಸಿದೆ. ಮಾರನೆಯ ದಿನ ಎರಡೂ ಮೊದಲಿನಂತೆ. ಅಮ್ಮನಿಗೆ ಕಣ್ಣಲ್ಲಿ ಪೊರೆ; ಮಬ್ಬಾದರೆ ಸ್ವಾಮಿ ಕಾಣುವುದಿಲ್ಲ, ಬೇಗ ಆರಿದರೆ ಮಂತ್ರ ಮುಗಿಯುವುದಿಲ್ಲ. ಜಗನ್ ಮತ್ತೆ ಏರಿಸಿಕೊಟ್ಟಿದ್ದಾನೆ.

ಸ್ಕ್ರೀನ್ ಆರಿಸುವುದಕ್ಕೆಂದೇ ಒಂದು ಆಪ್ ಇದೆಯೆಂದು ನೋಡಿ ಅದನ್ನೂ ಹಾಕಿದೆ. ಆರಿಸುವ ಮೊದಲು ಅದು ಜಾಹೀರಾತು ತೋರಿಸುತ್ತದೆ. ಲೂಡೋ ಆಟದ್ದು. ದಾಳ ಉರುಳುತ್ತದೆ, ನಾಣ್ಯಗಳು ಸುರಿಯುತ್ತವೆ, ಕೊನೆಗೆ ಸ್ವಾಮಿ. ಕಿತ್ತು ಹಾಕಿದೆ.

ಶಿಫ್ಟು ಮುಗಿಸಿ ಬಂದ ಜಗನ್ ಬಾಗಿಲಲ್ಲಿ ನಿಂತು ನಗುತ್ತಿದ್ದ.

"ಅಣ್ಣ, ನೀನು ರಿಜೆಕ್ಟ್ ಮಾಡ್ದೆ ಇರೋ ಐಟಮ್ಮೇ ಇಲ್ವಲ್ಲ ಲೋಕದಾಗೆ."

ವೆಂಕಟಲಕ್ಷ್ಮಿ ಟೇಪು ಕತ್ತರಿಸುತ್ತಿದ್ದಳು. ಅವಳೂ ನಕ್ಕಳು, ತಲೆ ತಗ್ಗಿಸಿಕೊಂಡು.

ನನಗೇ ಆಶ್ಚರ್ಯ, ಇಷ್ಟು ಚಿಕ್ಕದಕ್ಕೆ ಇಷ್ಟು ಸಿಟ್ಟು ಎಲ್ಲಿಂದ ಬರುತ್ತಿದೆ ಎಂದು. ಅಮ್ಮನಿಗೆ ನೇರವಾಗಿ ಹೇಳಬಹುದಲ್ಲ: ಇದು ಬೇಡ, ನನಗೆ ಹಿಂಸೆ. ಹೇಳುವುದಿಲ್ಲ. ಮಾತು ಬೇಡವೆಂದೇ ಮದುವೆ ಬೇಡ ಎಂದವನು, ಕಾರ್ಖಾನೆ ಬಿಟ್ಟವನು. ಮಾತಿಲ್ಲದೆ ಆಗುವಂಥ ಒಂದು ಗುಂಡಿ ಎಲ್ಲೋ ಇದ್ದೇ ಇರಬೇಕು, ಒತ್ತಿದರೆ ಸಾಕು ಎಂದು ಹುಡುಕುತ್ತಿದ್ದೇನೆ.

ಜೂನ್ 23

ಇವತ್ತು ಕರೆಂಟಿಗೆ ಸನ್ನಿ. ದರ್ಶನದ ಮೇಲೆ ದರ್ಶನ. ಎದ್ದು ಬಂದೆ.

ಜುಲೈ 4, ಶುಕ್ರವಾರ

ಮೊಗ್ಗು ಬಂದಿದೆ. ಎಲ್ಲ ಬೆಡ್ಡುಗಳಲ್ಲೂ ಮೆಣಸಿನ ಕಾಳಿನಷ್ಟು. ವರಮಹಾಲಕ್ಷ್ಮಿ ಹಬ್ಬಕ್ಕೆ ಸರಿಯಾಗಿ ಕಟಾವು ಸಿಗುತ್ತದೆ.

ಬಾಗಿಲ ಮೂಲೆಯಲ್ಲಿ ಮಾತ್ರ ಇಲ್ಲ. ಮೂರು ಬೆಡ್ಡುಗಳ ಈ ತುದಿ. ಗಿಡ ಸೊಂಪಾಗಿದೆ, ಪಕ್ಕದವಕ್ಕಿಂತ ಎತ್ತರ, ಎಲೆ ಕಡು ಹಸಿರು. ತುದಿಯಲ್ಲಿ ಮೊಗ್ಗಿಲ್ಲ, ಮತ್ತೆ ಎಲೆ. ಕಳೆದ ಬೆಳೆಯಲ್ಲೂ ಈ ಮೂಲೆ ತಡವಾಗಿತ್ತು. ಆಗ ಸಸಿ ಕೆಟ್ಟದ್ದು ಎಂದುಕೊಂಡಿದ್ದೆವು.

ವೆಂಕಟಲಕ್ಷ್ಮಿ ಪರದೆಯನ್ನು ಅಂಗುಲ ಅಂಗುಲ ನೋಡಿದಳು. ಮಧ್ಯಾಹ್ನ ಪರದೆ ಎಳೆಸಿ, ಒಳಗೆ ನಿಂತು, ತೂತು ಹುಡುಕಿದಳು. ಒಂದೂ ಇಲ್ಲ. ಆಗ ಕರೆಂಟು ಇರಲಿಲ್ಲ.

ಅಮ್ಮ ನೋಡಿ ಹೋದಳು. ಹೋಗುವಾಗ, ಆ ಮೂಲೆ ಯಾರು ನೋಡಿಕೊಳ್ಳುವುದು ಎಂದು ಕೇಳಿದಳು. ಗೊತ್ತಿದ್ದೇ ಕೇಳಿದಳು.

ಜುಲೈ 9, ಬುಧವಾರ

ಊಟದ ಹೊತ್ತಿಗೆ ಅಮ್ಮ ಎತ್ತಿದಳು. ಅನ್ನ ಬಡಿಸುತ್ತ, ಮುಖ ನೋಡದೆ.

"ಆ ದಿನದಾಗೂ ಒಳಕ್ಕೆ ಹೋಗ್ತಿದ್ದೀಯೇನಮ್ಮ?"

ಯಾವ ದಿನ ಎಂದು ಯಾರೂ ಕೇಳಲಿಲ್ಲ. ಮುಟ್ಟಾದವರು ಹೂವಿನ ಗಿಡದ ಹತ್ತಿರ ಹೋಗಬಾರದು. ಅಮ್ಮ ಆಗೆಲ್ಲ ಮಲ್ಲಿಗೆ ಬಳ್ಳಿಯ ನೆರಳನ್ನೂ ತುಳಿಯುತ್ತಿರಲಿಲ್ಲವಂತೆ.

ವೆಂಕಟಲಕ್ಷ್ಮಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೋಗುತ್ತೇನೆ ಅತ್ತೆ, ನಾನು ಹೋಗದಿದ್ದರೆ ಪರದೆ ಯಾರು ಎಳೆಯುತ್ತಾರೆ ಎಂದಳು. ಜಗನ್ ತಟ್ಟೆಯಿಂದ ತಲೆಯೆತ್ತದೆ, ಮೂರು ದಿನ ಮನೇಲಿ ಕೂತರೆ ನಿನ್ನ ಗಂಟೇನು ಹೋಗುತ್ತದೆ ಎಂದ.

ಆಗ ಅವಳು ಹೇಳಿದ್ದು:

"ಕಂಪ್ನೀಲಿ ಮೂರು ವರ್ಸ ಫೋನ್ ಜೋಡ್ಸಿದೀನಿ. ಆ ದಿನ ಅಂತ ಯಾರೂ ಲೈನ್ ನಿಲ್ಸಿಲ್ಲ. ನನ್ ಕೈ ಮುಟ್ಟಿದ ಫೋನು ಎಷ್ಟ್ ಮನೇಲಿ ದೇವ್ರ ಮುಂದೆ ಐತೋ, ಯಾರ್ ಕಂಡವ್ರೆ?"

ಅಮ್ಮ ಸೌಟು ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು.

"ನೀನ್ ಓದ್ದೋನು. ನೀನೇ ಹೇಳ್ಲಾ."

ಮೂವರೂ ನನ್ನ ಮುಖ ನೋಡಿದರು. ಡ್ರಿಪ್ ಪೈಪು ಕಟ್ಟಿಕೊಂಡಿರಬಹುದು, ನಾಳೆ ನೋಡುತ್ತೇನೆ ಎಂದೆ.

ಜುಲೈ 10

ಡ್ರಿಪ್ ಸರಿಯಾಗಿದೆ. ಸರಿಯಾಗಿಯೇ ಇರುತ್ತದೆ ಎಂದು ನಿನ್ನೆಯೇ ಗೊತ್ತಿತ್ತು.

ಜುಲೈ 15, ಮಂಗಳವಾರ. ಸಂಜೆ ಆರು

ವೆಂಕಟಲಕ್ಷ್ಮಿ ತವರಿಗೆ ಹೋದಳು. ಕೆಲಮಂಗಲಕ್ಕೆ.

ಐದಾರು ದಿನಗಳಿಂದ ಅಮ್ಮ ಬೆಳಿಗ್ಗೆ ಜಗಲಿಯಲ್ಲಿ ಕೂತು ಸೊಸೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಕೂಲಿ ಹೆಂಗಸರು ಬಂದು ನಿಂತಿರುವ ಹೊತ್ತಿಗೇ, ಅವರೆಲ್ಲರ ಮುಂದೆಯೇ. "ಇವತ್ತು ಹೆಂಗೆ?" ಅಷ್ಟೇ. ಇವಳು ಏನು ಹೇಳಿದರೂ, ಹೇಳದಿದ್ದರೂ, ಅವರೆಲ್ಲ ಬುಟ್ಟಿ ನೋಡುತ್ತ ನಿಲ್ಲಬೇಕು. ಇವತ್ತು ಕೇಳಿದಾಗ ಇವಳು ಒಳಗೆ ಹೋಗಿ ಬ್ಯಾಗು ತಂದಳು. ಜಗನ್ ಬೈಕಿನಲ್ಲಿ ಬಿಟ್ಟು ಬಂದ, ಶಿಫ್ಟಿಗೆ ತಡವಾಗುತ್ತದೆ ಎಂದು ಅವಸರ ಮಾಡಿಕೊಂಡು.

ನಾನು ಎಲ್ಲಿದ್ದೆ? ಗೊಬ್ಬರ ಕಲಸುತ್ತಿದ್ದೆ. ಎಲ್ಲ ಕೇಳಿಸುವಷ್ಟು ಹತ್ತಿರ.

ಸಂಜೆ ಪರದೆ ಒಬ್ಬನೇ ಎಳೆದೆ. ಈ ಕಡೆ ಎಳೆದು, ಸುತ್ತಿಬಂದು ಆ ಕಡೆ. ಸೊಟ್ಟಗೆ ಬಂತು, ಮತ್ತೆ ಬಿಚ್ಚಿ ಎಳೆದೆ. ಕ್ರೇಟಿನ ಮೇಲೆ ಕೂತೆ. ಹೊತ್ತಿಕೊಂಡಿತು. ಕಿರೀಟ, ನಾಮ, ಅಭಯಹಸ್ತ.

ಫೋನನ್ನು ಎಳೆದು ಸ್ಟಾರ್ಟರಿನ ಕಬ್ಬಿಣದ ಡಬ್ಬಿಗೆ ತುರುಕಿದೆ, ಚಾರ್ಜರ್ ಸಮೇತ. ಬಾಗಿಲು ಹಾಕಿ ಚಿಲಕ. ಒಳಗೆ ಹೊತ್ತಿಕೊಳ್ಳಲಿ. ಅಮ್ಮನ ಮೇಲೆ ಬರಬೇಕಾದ ಸಿಟ್ಟು, ಜಗನ್ ಮೇಲೆ ಬರಬೇಕಾದದ್ದು, ಎಲ್ಲ ಅಂಗೈಯಗಲದ ಗಾಜಿನ ಮೇಲೆ. ಅದಾದರೆ ತಿರುಗಿ ಮಾತಾಡುವುದಿಲ್ಲ.

ಅಮ್ಮ ಕೇಳಿದ್ದಕ್ಕೆ, ಗ್ಲಾಸು ಒಡೆದಿದೆ, ಮುನೀಶ್ ಹತ್ತಿರ ಕೊಟ್ಟಿದ್ದೇನೆ ಎಂದೆ.

ಆಗಸ್ಟ್ 5, ಮಂಗಳವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದರೆ ಸುಳ್ಳು.

ಹಬ್ಬದ ಕಟಾವು. ಬೆಳಗಿನಿಂದ ಕೂಲಿಯವರು. ವೆಂಕಟಲಕ್ಷ್ಮಿಯ ಜಾಗಕ್ಕೆ ತಳಿ ಊರಿನ ಕಡೆಯ ಭಾಗ್ಯಲಕ್ಷ್ಮಿ ಎಂಬುವಳನ್ನು ಅಮ್ಮ ಗೊತ್ತುಮಾಡಿದ್ದಾಳೆ. ಪರದೆ ಎಳೆಯುವುದು, ಟೇಪು ಹಚ್ಚುವುದು ಈಗ ಅವಳ ಕೆಲಸ. ಅವಳೇ ಕೂಗಿ ಕರೆದಳು.

ಬಾಗಿಲ ಮೂಲೆಯಲ್ಲಿ ಮೊಗ್ಗು. ಎಲ್ಲ ಗಿಡದ ತುದಿಯಲ್ಲೂ.

ಅಮ್ಮ ಬಂದಳು. ಕೂಲಿಯವರೆಲ್ಲ ಸುತ್ತ ನಿಂತಿದ್ದರು. ಅವಳು ದನಿ ಏರಿಸಲಿಲ್ಲ. ಏರಿಸುವ ಅಗತ್ಯವೇ ಇರಲಿಲ್ಲ.

"ನೋಡ್ದೇನ್ಲಾ? ಅವ್ಳ್ ಹೋಗಿ ಇನ್ನೂ ತಿಂಗ್ಳಾಗಿಲ್ಲ. ನಾನ್ ಹೇಳಿದ್ನ ನೀವ್ ನಂಬ್ಲಿಲ್ಲ, ಗಿಡ ಹೇಳ್ತಾ ಐತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕೆನ್ನೆ ಬಡಿದುಕೊಂಡಳು.

ಅವರೆಲ್ಲ ಹೋದ ಮೇಲೆ ಕುಕ್ಕುರುಗಾಲಲ್ಲಿ ಕೂತೆ. ಹಳೆಯ ಅಭ್ಯಾಸ, ಮಾಲಿನಲ್ಲಿ ದೋಷ ಕಂಡರೆ ಅದರ ಅಂಚು ಹುಡುಕುವುದು. ಮೊಗ್ಗು ತಡವಾದ ಗಿಡಗಳು ಚೌಕವಾಗಿರಲಿಲ್ಲ. ಬೀಸಣಿಗೆಯ ಹಾಗೆ ಹರಡಿದ್ದವು. ಬೀಸಣಿಗೆಯ ಹಿಡಿ ಹಲಗೆಯ ಕಡೆಗೆ. ನಡುವೆ ಒಂದು ಪಟ್ಟಿ ಮಾತ್ರ ಬೇರೆ: ಅಲ್ಲಿ ಗಿಡಗಳು ಉಳಿದವುಗಳ ಜೊತೆಗೇ ಅರಳಿದ್ದವು. ಪಟ್ಟಿಯ ಈ ತುದಿಯಲ್ಲಿ ಕಬ್ಬಿಣದ ಕಂಬ. ಕಂಬದ ನೆರಳು ಅದು. ಯಾವ ಬೆಳಕಿನ ನೆರಳು?

ಹಲಗೆಯ ಮೇಲೆ ಆನಿಸಿದ್ದ ಕಲ್ಲು ಇನ್ನೂ ಅಲ್ಲೇ ಇತ್ತು.

ಬಲ್ಬು ಬಿಚ್ಚಿದ್ದೆವು, ತೂತು ಮುಚ್ಚಿದ್ದೆವು. ಟಾರ್ಚ್ ಹಿಡಿದು ಬಂದರೆ ಒಬ್ಬರನ್ನೊಬ್ಬರು ಬೈಯುತ್ತಿದ್ದೆವು. ಸ್ವಾಮಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಮ್ಮನಿಗೆ ಅದು ದೀಪ, ನನಗೆ ಕಿರಿಕಿರಿ. ಯಾರಿಗೂ ಅದು ಬೆಳಕಾಗಿರಲಿಲ್ಲ. ಸಂಜೆ ಸಂಜೆ ಅದರ ಪಕ್ಕದಲ್ಲೇ ಕೂತು, ಆ ಬೆಳಕು ಎಲೆಗಳ ಮೇಲೆ ಬೀಳುವುದನ್ನು ನೋಡುತ್ತ, ನನ್ನ ಕಣ್ಣಿಗೆ ಚುಚ್ಚುತ್ತದೆ ಎಂದು ಮಾತ್ರ ಸಿಟ್ಟಾಗಿದ್ದೆ.

ಮತ್ತು ಅದನ್ನು ಡಬ್ಬಿಗೆ ತುರುಕಿದ್ದು ಅವಳು ಹೋದ ದಿನವೇ. ಒಂದು ದಿನ ಮೊದಲು ತುರುಕಿದ್ದರೆ. ಒಂದು ವಾರ ಮೊದಲು.

ಆಗಸ್ಟ್ 6, ಬುಧವಾರ

ಅಮ್ಮನಿಗೆ ಹೇಳಿದೆ. ಮೂಲೆಗೆ ಕರೆದುಕೊಂಡು ಹೋಗಿ, ಕಂಬ ತೋರಿಸಿ, ಪಟ್ಟಿ ತೋರಿಸಿ. ಕೇಳಿಸಿಕೊಂಡಳು.

"ಬಲ್ಬು ಬೇರೆ, ಸ್ವಾಮಿ ಬೆಳಕು ಬೇರೆ. ಅದ್ಯಾಕ್ ಗಿಡ ಕೆಡಸ್ತದೆ?"

ಗಿಡಕ್ಕೆ ಎರಡೂ ಒಂದೇ ಅಮ್ಮ ಎಂದೆ. ಡಬ್ಬಿ ತೆರೆದು ಫೋನು ತೋರಿಸಿದೆ; ಇದು ಒಳಗೆ ಹೋದ ಮೇಲೆಯೇ ಮೊಗ್ಗು ಬಂದದ್ದು ಎಂದೆ. ಅಲ್ಲಿಗೆ ಕೆಟ್ಟಿತು. ಮೊಗ್ಗಿನ ಮಾತು ಅಲ್ಲೇ ಬಿತ್ತು. ರಿಪೇರಿಗೆ ಕೊಟ್ಟೆ ಎಂದು ಸುಳ್ಳು ಹೇಳಿದ್ದು, ಸ್ವಾಮಿಯನ್ನು ಕರೆಂಟ್ ಡಬ್ಬಿಗೆ ತುರುಕಿದ್ದು — ಅಪರಾಧಿ ನಾನಾದೆ. ಆದರೆ ಬೇರೆ ಅಪರಾಧಕ್ಕೆ.

ಜಗನ್ ಮಾತ್ರ ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಅವನಿಗೆ ಅರ್ಥವಾಯಿತು. ಹೊರಗೆ ಬಂದು ದನಿ ತಗ್ಗಿಸಿ ಹೇಳಿದ:

"ಇರ್ಬೋದು ಅಣ್ಣ. ನೀನ್ ಹೇಳೋದೇ ಇರ್ಬೋದು. ಈಗ ಅದುನ್ನ ಅಮ್ಮನ್ ಮುಂದೆ ಎಳ್ದಾಡಿ ಏನ್ ಮಾಡಾಣ? ಹಬ್ಬ ಮುಗೀಲಿ."

ಹೊಡೆಯಬೇಕು ಅನ್ನಿಸಿತು. ನಿಜ ಎಂದು ಗೊತ್ತಿದ್ದೂ ಹಬ್ಬಕ್ಕೆ ಕಾಯುವವನು. ಆಮೇಲೆ ನೆನಪಾಯಿತು, ಡ್ರಿಪ್ ನೋಡುತ್ತೇನೆ ಎಂದವನು ಇವನ ಅಣ್ಣ.

ಆಗಸ್ಟ್ 10, ಭಾನುವಾರ

ಕೆಲಮಂಗಲ. ಒಬ್ಬನೇ ಹೋದೆ. ಕಂಬದ ನೆರಳಿನ ಫೋಟೋಗಳನ್ನು ನನ್ನ ಫೋನಿನಲ್ಲಿ ತೆಗೆದಿಟ್ಟುಕೊಂಡು.

ವೆಂಕಟಲಕ್ಷ್ಮಿಯ ತಾಯಿ ಭದ್ರಮ್ಮ ಕಾಫಿ ಕೊಟ್ಟು, ಏನೂ ಕೇಳದೆ ಒಳಗೆ ಹೋದರು. ಬಾಗಿಲ ಹಿಂದೆಯೇ ನಿಂತಿದ್ದರು ಎಂದು ಕಾಣುತ್ತದೆ, ಬಳೆ ಸದ್ದು.

ಹೇಳಿದೆ. ಫೋಟೋ ಕೊಟ್ಟೆ. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು, ಎಲೆಯನ್ನು, ಕಂಬವನ್ನು, ಹಲಗೆಯನ್ನು. ಅವಳಿಗೂ ತಕ್ಷಣ ಗೊತ್ತಾಯಿತು, ಮುಖದಲ್ಲಿ ಕಂಡಿತು. ಅಲ್ಲೇ ಟೇಪು ಹಿಡಿದು ನಿಂತಿರುತ್ತಿದ್ದೆನಲ್ಲ ಎಂದಳು, ತನಗೆ ತಾನೇ ಎಂಬಂತೆ. ನನಗೆ ಸಮಾಧಾನವಾಯಿತು. ಇನ್ನು ಮುಗಿಯಿತು, ಹೊರಡೋಣ ಎನ್ನುತ್ತಾಳೆ ಎಂದುಕೊಂಡೆ. ಮೂರ್ಖ.

ಫೋನು ವಾಪಸು ಕೊಟ್ಟಳು.

"ಸರಿ ಭಾವ. ಫೋನಿಂದ ಅಂತ ಗೊತ್ತಾಯ್ತು. ಗೊತ್ತಾಗ್ದೆ ಇದ್ದಿದ್ರೆ?"

ನಾನು ಫೋನು ಜೇಬಿಗೆ ಹಾಕಿಕೊಂಡೆ.

"ನಾನ್ ಅಂತ ನೀವು ಅನ್ನಲಿಲ್ಲ. ನಾನಲ್ಲ ಅಂತಾನೂ ಅನ್ನಲಿಲ್ಲ. ಡ್ರಿಪ್ ನೋಡ್ತೀನಿ ಅಂದ್ರಿ."

ಸಿಟ್ಟಿನಿಂದ ಹೇಳಿದ್ದರೆ ಬಚಾವಾಗುತ್ತಿದ್ದೆ. ಮೃದುವಾಗಿಯೇ ಹೇಳಿದಳು. ಆ ಬೆಡ್ಡುಗಳು ನನ್ನವು ಭಾವ, ಸಸಿ ತಂದಾಗಿನಿಂದ ನನ್ನ ಕೈಯಲ್ಲಿ ಬೆಳೆದವು, ಬಿಟ್ಟಿರುವುದು ನನಗೂ ಕಷ್ಟ ಎಂದಳು. ಒಂದೇ ಷರತ್ತು. ಕೂಲಿಯವರ ಮುಂದೆ ಕೇಳಿದರು, ಅವರ ಮುಂದೆಯೇ ಹೇಳಲಿ — ಇವಳಿಂದಲ್ಲ ಎಂದು. ಅಷ್ಟು ಹೇಳಿದರೆ ಅವತ್ತೇ ಬರುತ್ತೇನೆ. ಇಲ್ಲದಿದ್ದರೆ ಹಳೆಯ ಕಂಪನಿಯಲ್ಲಿ ಕರೆದಿದ್ದಾರೆ. ಹದಿನೆಂಟಕ್ಕೆ, ಸೋಮವಾರ ಸೇರಬೇಕು, ಹೊಸೂರಿನಲ್ಲಿ ಹಾಸ್ಟೆಲಿದೆ.

ಬಸ್ಸಿನಲ್ಲಿ ಫೋಟೋಗಳನ್ನು ಅಳಿಸಿದೆ. ಆಮೇಲೆ ಯಾಕೆ ಅಳಿಸಿದೆ ಎಂದು ಬೈದುಕೊಂಡೆ.

ಆಗಸ್ಟ್ 12, ಮಂಗಳವಾರ

ಷರತ್ತು ಅಮ್ಮನಿಗೆ ತಿಳಿಸಿದೆ. ಬದಲಿಗೆ ಅವಳದೊಂದು ಆಜ್ಞೆ. ಪಕ್ಕದ ಪಾಲಿಹೌಸಿನ ಹಳದಿ ಸೇವಂತಿಗೆಗೆ ಈ ವಾರ ಕತ್ತಲೆ ಶುರು. ಸ್ವಾಮಿಯನ್ನು ಅಲ್ಲಿಡು. ಡಬ್ಬಿಯಲ್ಲಿಟ್ಟ ಪಾಪ ಕಳೆಯಲಿ. ಅಲ್ಲೂ ಬಾಗಿಲ ಬಳಿ ಪ್ಲಗ್ಗಿದೆ.

ಇಟ್ಟೆ.

ಸಂತೋಷದಿಂದ ಇಟ್ಟೆ. ನೆಟ್ಟಗೆ, ಗಿಡಗಳಿಗೆ ಎದುರಾಗಿ, ಬೆಳಕು ಪೂರ್ತಿ ಏರಿಸಿ. ಹೊತ್ತಿಕೊಳ್ಳಲಿ. ಈ ಸಲ ಮೂಲೆ ಕೆಟ್ಟರೆ ವೆಂಕಟಲಕ್ಷ್ಮಿ ಇಲ್ಲ. ಮೂರು ವಾರ ಸಾಕು. ಅಮ್ಮ ತಾನೇ ನೋಡಲಿ, ಬಾಯಿ ಮುಚ್ಚಿಕೊಂಡು ನೋಡಲಿ. ಸೋಮವಾರಕ್ಕೆ ಆಗುವುದಿಲ್ಲ, ಆದರೂ ಒಂದು ದಿನ ಆಗುತ್ತದೆ. ನಾನು ಏನೂ ಹೇಳಬೇಕಾಗಿಲ್ಲ, ಗಿಡವೇ ಹೇಳುತ್ತದೆ.

ಅಮ್ಮ ಕೈ ಮುಗಿದಳು. ನಾನೂ ಮುಗಿದೆ. ಅವಳಿಗೆ ಖುಷಿಯಾಯಿತು.

ಆಗಸ್ಟ್ 14, ಗುರುವಾರ. ಬೆಳಿಗ್ಗೆ

ಜಗಲಿ. ಕೂಲಿಯವರು ಬಂದು ನಿಂತಿದ್ದರು. ಅಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದಳು:

"ಭಾಗ್ಯಲಕ್ಷ್ಮಿ, ಇವತ್ತು ಹೆಂಗೆ?"

ಇನ್ನೂ ಮೂಲೆ ಕೆಟ್ಟಿಲ್ಲ. ಏನೂ ಆಗಿಲ್ಲ. ಆಗಲೇ ಪ್ರಶ್ನೆ ಸಿದ್ಧವಾಗಿದೆ. ಅವಳು ಚೆನ್ನಾಗಿದ್ದೀನಮ್ಮ ಎಂದಳು, ತಲೆ ತಗ್ಗಿಸಿ. ಮನೆಯಲ್ಲಿ ಗಂಡನಿಲ್ಲ, ಈ ಕೂಲಿಯೇ ಎಲ್ಲ ಎಂದು ಕೇಳಿದ್ದೇನೆ.

ಮೂರು ವಾರದ ಮೇಲೆ ಆ ಮೂಲೆಯಲ್ಲಿ ಮೊಗ್ಗಿಲ್ಲದಿದ್ದರೆ ಯಾರು ಬ್ಯಾಗು ಹಿಡಿದು ಹೋಗುತ್ತಾರೆ ಎಂದು ನನಗೆ ಮೊನ್ನೆ ಹೊಳೆಯಲಿಲ್ಲವೆ? ಹೊಳೆಯಲಿಲ್ಲ. ಅಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದೆ.

ಹೋಗಿ ನಿಂತೆ, ಎಲ್ಲರ ಮುಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೂಲೆ ಕೆಟ್ಟದ್ದು ವೆಂಕಟಲಕ್ಷ್ಮಿಯಿಂದಲ್ಲ, ಫೋನಿನ ಬೆಳಕಿನಿಂದ ಎಂದೆ. ಹೆಂಗಸರು ನೆಲ ನೋಡಿದರು. ಒಬ್ಬಳಿಗೆ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡಳು. ಅಮ್ಮ ಅಡಿಕೆ ಕತ್ತರಿಸುತ್ತಲೇ ಇದ್ದಳು. ಹಾಗಾದರೆ ನನ್ನಿಂದ ಅನ್ನು ಎಂದೆ. ಆ ಮೂಲೆಯಲ್ಲಿ ದಿನಾ ಕೂರುತ್ತಿದ್ದವನು ನಾನು, ನನ್ನ ಕಾಲ್ಗುಣ ಅನ್ನು, ಎಲ್ಲರೂ ಕೇಳಿಸಿಕೊಳ್ಳಲಿ.

ಆಗ ತಲೆಯೆತ್ತಿದಳು. ನಿಜವಾದ ಆಶ್ಚರ್ಯದಿಂದ.

"ನಿನ್ನಿಂದಾನಾ? ನಿನ್ನಿಂದ ಏನಾಗ್ತದ್ಲಾ? ಯಾವತ್ತು ಏನಾಗೈತೆ?"

ಎಲ್ಲರೂ ನಕ್ಕರು. ಭಾಗ್ಯಲಕ್ಷ್ಮಿಯೂ. ನಗದೆ ಇರುವುದು ಕಷ್ಟವಿತ್ತು.

ಸಂಜೆ ಹೋಗಿ ಫೋನು ತೆಗೆದೆ.

ಆಗಸ್ಟ್ 17, ಭಾನುವಾರ. ಸಂಜೆ ಐದೂವರೆ

ಜಗನ್ ಹೊಸೂರಿನಿಂದ ಬಂದ. ಹಾಸ್ಟೆಲಿಗೆ ಟ್ರಂಕು ಇಟ್ಟು ಬಂದಿದ್ದಾನೆ. ರೂಮಿನಲ್ಲಿ ಆರು ಜನ, ಕಿಟಕಿ ಕಡೆಯ ಮಂಚ ಸಿಕ್ಕಿದೆ, ನಾಳೆ ಬೆಳಗಿನ ಶಿಫ್ಟು — ಒಳ್ಳೆಯ ಸುದ್ದಿ ಹೇಳುವವನ ಹಾಗೆ ಹೇಳಿದ. ಏನಾದರೂ ಅಂದಳೇ ಎಂದು ಕೇಳಿದೆ. ಹಳದಿಗೆ ಕತ್ತಲೆ ಶುರುವಾಯಿತಾ ಎಂದು ಕೇಳಿದಳಂತೆ. ಅಷ್ಟೇ.

ಅಮ್ಮ ಫೋನು ತೆಗೆದದ್ದನ್ನು ನೋಡಿದ್ದಾಳೆ. ಇವತ್ತು ಇಡದಿದ್ದರೆ ನಾಳೆಯಿಂದ ಊಟ ಮಾಡುವುದಿಲ್ಲ ಎಂದಿದ್ದಾಳೆ. ಮಾಡುವುದಿಲ್ಲ, ಗೊತ್ತು.

ಹಳದಿ ಸೇವಂತಿಗೆಯ ಪಾಲಿಹೌಸಿನೊಳಗಿದ್ದೇನೆ. ಪರದೆ ಎಳೆದಾಗಿದೆ, ಆ ಕಡೆಯ ಹಗ್ಗ ಭಾಗ್ಯಲಕ್ಷ್ಮಿ ಎಳೆದಳು, ಚೆನ್ನಾಗಿಯೇ ಎಳೆಯುತ್ತಾಳೆ. ಈ ಸಾಲುಗಳನ್ನು ಬಾಗಿಲ ಸಂದಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಒಂದು ಕೈಯಲ್ಲಿ ಫೋನು, ಚಾರ್ಜರ್ ಇನ್ನೂ ಹಾಕಿಲ್ಲ.

ಇಟ್ಟರೆ ಈ ಮೂಲೆ ಕೆಡುತ್ತದೆ. ಆಗ ತಪ್ಪು ಭಾಗ್ಯಲಕ್ಷ್ಮಿಯ ಮೇಲೆ.

ಇಡದಿದ್ದರೆ ಬಾಗಿಲಿನಿಂದ ಬಾಗಿಲಿಗೆ ಒಂದೂ ತಪ್ಪದೆ ಹೂ ಬರುತ್ತದೆ. ನೀನಿಲ್ಲದ ಮನೆಯಲ್ಲಿ, ವೆಂಕಟಲಕ್ಷ್ಮಿ, ನೀನು ಮುಟ್ಟದ ಗಿಡದಲ್ಲಿ. ಆಗ ತಪ್ಪು ನಿನ್ನ ಮೇಲೆ. ಅದು ಮತ್ತೆ ಅಳಿಯುವುದಿಲ್ಲ.

ಅವಳು ಇಲ್ಲವೇ ನೀನು. ಮೂರನೆಯ ಹೆಸರೇ ಬರದ ಹಾಗೆ ಈ ಲೆಕ್ಕವನ್ನು ಇಟ್ಟವರು ಯಾರು — ಅಮ್ಮನೋ, ಸುಮ್ಮನೆ ಪಕ್ಕದಲ್ಲಿ ನಿಂತ ನಾನೋ? ಹೇಳು, ವೆಂಕಟಲಕ್ಷ್ಮಿ.